ಹಿರಿಯನಿಗೆ ಸಲ್ಲದ ನಮಸ್ಕಾರ

"ಗಂಡಸರ ಕಡೆ ನೀವು ಹೋಗೋ ಹಾಗಿಲ್ಲ ಅಕ್ಕಾ. ಪೊಲೀಸಾದ್ರೂ ಅಷ್ಟೆ, ಪೊಲೀಸು ಬಿಟ್ಟೋರಾದ್ರೂ ಅಷ್ಟೆ!"

ಸ್ನಾನಗೃಹದ ಗಲ್ಲಾದಲ್ಲಿ ಕೂತಿದ್ದ ಹೆಂಗಸು ಹಾಗಂದು ನನ್ನ ಮುಂದೆ ಎರಡು ಟವೆಲ್ಲು, ಒಂದು ಕಿತ್ತಳೆ ಬಣ್ಣದ ಚಡ್ಡಿ, ಅದೇ ಬಣ್ಣದ ದೊಗಳೆ ಅಂಗಿ ಎಸೆದಳು.

"ಬಾಂಗ್ ಮಿಂಗು ಒಳಗಿದ್ದಾನೆ ತಾನೆ?"

"ಇದ್ದಾರೆ. ಸ್ನಾನ ಮುಗಿಸಿ ಬಿಸಿ ಕೋಣೆಗಳ ಮುಂದಿನ ಹಾಲ್‌ಗೆ ಬಂದೇ ಬರ್ತಾರೆ. ಅಲ್ಲಿ ಗಂಡು ಹೆಣ್ಣು ಎಲ್ಲ ಒಂದೇ. ಆದ್ರೆ ಈ ಬಟ್ಟೆ ಹಾಕ್ಕೊಂಡೇ ಹೋಗ್ಬೇಕು, ನೋಡಿ ಮತ್ತೆ."

ಕೊರಿಯಾದ ಯೋಸು ಊರಿನ ಪೊಲೀಸಿನಲ್ಲಿ ಅರ್ಧ ಆಯುಷ್ಯ ಸವೆಸಿ ಕೆಲಸ ಬಿಟ್ಟವಳು ನಾನು, ಮಾ ಯೊನ್‌ಹೀ. ಕೊಲೆಗಡುಕರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿದ್ದೇನೆ. ಕಿತ್ತಳೆ ಚಡ್ಡಿ ಹಾಕಿಕೊಂಡು ವಿಚಾರಣೆಗೆ ಹೊರಟದ್ದು ಇದೇ ಮೊದಲು. ಬೇರೆ ದಿನವಾಗಿದ್ದರೆ ನಾನೇ ನಗುತ್ತಿದ್ದೆ.

ಇವತ್ತು ನಗು ಬರಲಿಲ್ಲ. ಸಂಜೆ ಆಂಕರ್ಸ್ ಕ್ಲಬ್ಬಿನ ಶಿಸ್ತು ಸಮಿತಿ ಕೂರುತ್ತದೆ. ಅಷ್ಟರೊಳಗೆ ನಾನು ನಿಜವಾದ ಕಳ್ಳನನ್ನು ತೋರಿಸದಿದ್ದರೆ ನಮ್ಮ ಜೇಹಾ ಬದುಕಿರುವ ತನಕ ಬೇಸ್‌ಬಾಲ್ ಚೆಂಡು ಮುಟ್ಟುವಂತಿಲ್ಲ.

ಓಕ್ ಜೇಹಾ ನನ್ನ ಅಕ್ಕನ ಮಗ. ಅಕ್ಕ ಸತ್ತಾಗ ಅವನಿನ್ನೂ ಮೂಗು ಒರೆಸಿಕೊಳ್ಳಲು ಬಾರದ ಹುಡುಗ. ನನಗೆ ಮದುವೆಯಿಲ್ಲ, ಮಕ್ಕಳಿಲ್ಲ. ಅವನ ಸಮವಸ್ತ್ರದ ಮಣ್ಣು ಉಜ್ಜಿ ಉಜ್ಜಿ ನನ್ನ ಬೆರಳಿನ ಚರ್ಮ ಹೋಗಿದೆ. ಈಗ ಅವನು ಆಂಕರ್ಸ್ ತಂಡಕ್ಕೆ ಚೆಂಡೆಸೆಯುವ ಮೊದಲ ಪಿಚರ್. ಅಥವಾ ನಿನ್ನೆಯವರೆಗೆ ಆಗಿದ್ದ.

ನಿನ್ನೆ ಭಾನುವಾರ ನಮ್ಮೂರ ಮೈದಾನಕ್ಕೆ ವೊಂಜು ಬೈಸನ್ಸ್ ತಂಡ ಬಂದಿತ್ತು. ಎಂಟು ಇನ್ನಿಂಗ್ಸ್ ಎರಡೂ ಕಡೆ ಸೊನ್ನೆ. ಜೇಹಾ ಎಸೆದ ಚೆಂಡನ್ನು ಒಬ್ಬನಿಗೂ ಸರಿಯಾಗಿ ಮುಟ್ಟಲಾಗಿರಲಿಲ್ಲ. ಕೊನೆಯ, ಒಂಬತ್ತನೆಯದರಲ್ಲಿ ಇಬ್ಬರು ಔಟಾದ ಮೇಲೆ ಬಂದವನು ಸೊಲ್ ಕ್ವಾಂಗ್ಸು. ವಯಸ್ಸಾದ ಬ್ಯಾಟ್ಸ್‌ಮನ್, ಈ ವರ್ಷವಿಡೀ ಚೆಂಡನ್ನು ಬೇಲಿಯಾಚೆ ಅಟ್ಟಿದ ಒಂದೇ ಒಂದು ಹೋಮ್ ರನ್ ಇಲ್ಲ. ಜೇಹಾ ಮೊದಲ ಚೆಂಡನ್ನೇ ನೇರವಾಗಿ, ಎದೆಯ ಎತ್ತರಕ್ಕೆ, ನಡುಮಧ್ಯಕ್ಕೆ ಎಸೆದ. ಕ್ವಾಂಗ್ಸು ಅದಕ್ಕೇ ಕಾದು ನಿಂತವನ ಹಾಗೆ ಬೀಸಿದ. ಚೆಂಡು ಎಡಗಡೆಯ ಬೇಲಿ ದಾಟಿ ಜನರ ಮಧ್ಯೆ ಬಿತ್ತು.

ನಮ್ಮವರು ಕೊನೆಯ ಸರದಿಯಲ್ಲಿ ಬಂದರು, ಬಂದಂತೆಯೇ ಹೋದರು. ಒಂದು–ಸೊನ್ನೆ. ಬಂದ ತಂಡ ಗೆದ್ದು ಬಸ್ಸು ಹತ್ತಿತು.

ಸೋಲು ಹೊಸದಲ್ಲ. ಆದರೆ ಆಟ ಶುರುವಾಗುವ ಮುಂಚೆಯೇ ಕ್ಲಬ್ಬಿಗೆ ಹೆಸರಿಲ್ಲದ ಫೋನ್ ಬಂದಿತ್ತು. 'ಇವತ್ತು ಜೇಹಾ ಕ್ವಾಂಗ್ಸುಗೆ ಚೆಂಡು ಬಿಟ್ಟುಕೊಡ್ತಾನೆ, ಅವನನ್ನ ಆಡಿಸಬೇಡಿ' ಅಂತ. ಯಾರೋ ಕಿಡಿಗೇಡಿ ಎಂದು ಕ್ಲಬ್ ನಿರ್ದೇಶಕ ತಾಕ್ ಸುಮ್ಮನಿದ್ದರು. ಆಮೇಲೆ ಅದೇ ಆಯಿತು.

"ನಾನಲ್ಲ ಚಿಕ್ಕಮ್ಮಾ," ಎಂದಿದ್ದ ಜೇಹಾ ಬೆಳಿಗ್ಗೆ, ಅನ್ನದ ಬಟ್ಟಲು ಮುಟ್ಟದೆ. "ನಾನು ಏನು ಎಸೀತೀನಿ ಅನ್ನೋದು ನನಗೆ ಬಿಟ್ರೆ ಒಬ್ಬನಿಗೇ ಗೊತ್ತಿರೋದು. ಹೇಳೋಕೂ ನಾಲಿಗೆ ಬರ್ತಿಲ್ಲ."

ಆ ಒಬ್ಬ, ಬ್ಯಾಟ್ಸ್‌ಮನ್ನಿನ ಹಿಂದೆ ಕೂತು ಯಾವ ಚೆಂಡು ಬೇಕೆಂದು ಬೆರಳಲ್ಲಿ ಸೂಚಿಸುವ ಕ್ಯಾಚರ್. ಬಾಂಗ್ ಮಿಂಗು.

ಹಾಲ್‌ನಲ್ಲಿ ನೆಲ ಬೆಚ್ಚಗಿತ್ತು. ಸೋಮವಾರ ಆಟವಿಲ್ಲದ ದಿನ. ಮುದುಕರು ಟವೆಲ್ಲನ್ನು ಕುರಿಯ ಕಿವಿಗಳಂತೆ ಎರಡು ಕಡೆ ಸುರುಳಿ ಸುತ್ತಿ ತಲೆಗೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದರು. ಮಿಂಗು ಒದ್ದೆ ತಲೆಯಲ್ಲಿ, ಬೇಯಿಸಿದ ಮೊಟ್ಟೆಗಳ ತಟ್ಟೆ ಹಿಡಿದು ಬಂದವನು ನನ್ನನ್ನು ಕಂಡು ಗಕ್ಕನೆ ನಿಂತ. ಮರುಕ್ಷಣ ಸೊಂಟ ಬಾಗಿಸಿ ನಮಸ್ಕಾರ ಮಾಡಿದ.

"ಚಿಕ್ಕಮ್ಮಾ! ನೀವೇನು ಇಲ್ಲಿ? ಅದೂ ಈ ಬಣ್ಣದಲ್ಲಿ?"

"ಯಾಕೆ, ಚೆನ್ನಾಗಿಲ್ವಾ?"

"ಹೆದರಿಕೆ ಆಗುತ್ತೆ. ಊಟ ಆಯ್ತಾ?"

"ನನ್ನ ಊಟದ ಚಿಂತೆ ನಿನಗೆ ಬೇಡ. ಕೂತ್ಕೋ."

ಕೂತ. ಶಾಲೆಯ ದಿನಗಳಿಂದಲೂ ಇವನು ನನ್ನನ್ನು ಚಿಕ್ಕಮ್ಮ ಎಂದೇ ಕರೆಯುವುದು. ಜೇಹಾ, ಮಿಂಗು ಒಂದೇ ಹೈಸ್ಕೂಲಿನ ಜೋಡಿ. ಅವನು ಎಸೆಯಬೇಕು, ಇವನು ಹಿಡಿಯಬೇಕು. ಆಟ ಮುಗಿಸಿ ಇಬ್ಬರೂ ನಮ್ಮ ಮನೆಗೆ ಬಂದು ಸಾಸಿವೆ ಸೊಪ್ಪಿನ ಕಿಮ್ಚಿ ಉಪ್ಪಿನಕಾಯಿಯಲ್ಲಿ ಒಂದು ಪಾತ್ರೆ ಅನ್ನ ಖಾಲಿ ಮಾಡುತ್ತಿದ್ದರು. ಇವನಿಗೆ ಅಂತಲೇ ಒಂದು ಜೊತೆ ಚಾಪ್‌ಸ್ಟಿಕ್ ನಮ್ಮ ಮನೆಯಲ್ಲಿ ಇವತ್ತಿಗೂ ಇದೆ. ಅದನ್ನು ನೆನೆದೇ ನನಗೆ ಮೈ ಉರಿಯುತ್ತಿತ್ತು.

"ಜೇಹಾ ಹೇಗಿದ್ದಾನೆ?" ಎಂದ ಮಿಂಗು, ಮೊಟ್ಟೆಯ ಸಿಪ್ಪೆ ನೋಡುತ್ತಾ.

"ನೀನು ಫೋನ್ ಮಾಡಿ ಕೇಳ್ಬೇಕಿತ್ತು."

"ಮಾಡ್ದೆ. ಎತ್ತಲಿಲ್ಲ."

"ಕ್ವಾಂಗ್ಸುನ ಕೊನೇ ಸಲ ಯಾವಾಗ ನೋಡಿದೆ?"

"ನಿನ್ನೆ. ಮೈದಾನದಲ್ಲಿ."

"ಅದಕ್ಕೂ ಮುಂಚೆ?"

"ಹೋದ ತಿಂಗಳು ವೊಂಜುಗೆ ಹೋದಾಗ. ಯಾಕೆ ಚಿಕ್ಕಮ್ಮಾ?"

ನಾನು ಫೋನ್ ತೆಗೆದು ಟಿವಿಯಲ್ಲಿ ಬಂದ ಆಟವನ್ನು ಅವನ ಮುಂದೆ ಹಿಡಿದೆ. ರಾತ್ರಿಯಿಂದ ಅದನ್ನೇ ನೋಡಿ ನೋಡಿ ನನ್ನ ಕಣ್ಣು ಕೆಂಡವಾಗಿತ್ತು.

"ನೋಡು. ಇದು ಮೊದಲನೇ ಇನ್ನಿಂಗ್ಸು. ವೊಂಜು ತಂಡದ ಮೊದಲನೇ ಬ್ಯಾಟ್ಸ್‌ಮನ್ ಬಂದ. ನಿನಗಿಂತ ದೊಡ್ಡೋನು. ನೀನು ಗ್ಲೌಸಿಂದ ಅವನ ಮೀನಖಂಡ ತಟ್ಟಿ ನಮಸ್ಕಾರ ಅಂದೆ. ಸರಿನಾ?"

"ಎಲ್ಲಾ ಕ್ಯಾಚರ್‌ಗಳೂ ಮಾಡ್ತಾರೆ."

"ಮಾಡಬೇಕು. ಹಿರಿಯರಿಗೆ ಮರ್ಯಾದೆ. ಎರಡನೆಯವನು ನಿನಗಿಂತ ಚಿಕ್ಕೋನು, ಅವನೇ ನಿನಗೆ ತಲೆ ಬಾಗಿಸ್ದ. ಮೂರನೆಯವನಿಗೆ ಮತ್ತೆ ನೀನು ತಟ್ಟಿದೆ. ಈಗ ನಾಲ್ಕನೆಯವನು. ಸೊಲ್ ಕ್ವಾಂಗ್ಸು. ನಿಮ್ಮದೇ ಶಾಲೆಯ ಹಿರಿಯ. ಎಲ್ಲರಿಗಿಂತ ಮೊದಲು ಇವನಿಗೆ ಸಲ್ಲಬೇಕು ನಮಸ್ಕಾರ. ನೋಡು ನಿನ್ನ ಕೈನ."

ತೆರೆಯ ಮೇಲೆ ಮಿಂಗುವಿನ ಗ್ಲೌಸು ಅವನ ಮೊಣಕಾಲ ಮೇಲೆಯೇ ಇತ್ತು. ಒಂದಿಷ್ಟೂ ಅಲುಗಲಿಲ್ಲ.

"ಮರೆತಿರಬೇಕು," ಎಂದ.

"ಇರಲಿ, ಮರೆತೆ. ಆಟಕ್ಕೆ ಮುಂಚೆ ಅವರು ಅಭ್ಯಾಸಕ್ಕೆ ಇಳಿದಾಗ ಓಡಿ ಹೋಗಿ ಬಾಗಬೇಕಿತ್ತಲ್ಲ, ಅದನ್ನೂ ಮರೆತೆಯಾ? ನಾನೇ ಗ್ಯಾಲರಿಯಲ್ಲಿ ಕೂತಿದ್ದೆ. ನೀನು ಆ ಕಡೆ ಸುಳಿಯಲಿಲ್ಲ."

"ಚಿಕ್ಕಮ್ಮಾ, ಒಂದು ನಮಸ್ಕಾರ ತಪ್ಪಿದ್ದಕ್ಕೆ..."

"ನೀನು ತಪ್ಪಿಸಿದ್ದು ದೊಡ್ಡದಲ್ಲ ಕಣೋ. ಅವನು ಸುಮ್ಮನಿದ್ದದ್ದು ದೊಡ್ಡದು!"

ಪಕ್ಕದ ಮುದುಕನ ಗೊರಕೆ ನಿಂತಿತು. ನಾನು ದನಿ ತಗ್ಗಿಸಿದೆ.

"ಹೋದ ವರ್ಷ ಹೊಸ ಹುಡುಗನೊಬ್ಬ ನಮಸ್ಕಾರ ಮಾಡದೆ ಹೋದ ಅಂತ ಇದೇ ಕ್ವಾಂಗ್ಸು ಅವನನ್ನ ಮೈದಾನದ ಮಧ್ಯೆ ನಿಲ್ಲಿಸಿ ಬೈದಿದ್ದ. ಇಡೀ ಊರು ನೋಡ್ತು. ಅಂಥ ಮೂಗಿನ ತುದಿ ಸಿಟ್ಟಿನವನು ನಿನ್ನೆ ತನ್ನ ಸ್ವಂತ ಶಾಲೆ ಹುಡುಗ ತಲೆ ಬಾಗಿಸದೆ ಇದ್ರೂ ಹುಬ್ಬು ಗಂಟಿಕ್ಕಲಿಲ್ಲ. ಯಾಕೆ? ಹಿರಿಯರಿಗೆ ದಿನಕ್ಕೆ ಒಂದೇ ನಮಸ್ಕಾರ ಸಾಕು. ಬೆಳಿಗ್ಗೆನೇ ಆಗಿದ್ರೆ ಮಧ್ಯಾಹ್ನ ಮತ್ತೆ ಬೇಕಾಗಲ್ಲ."

ಮಿಂಗು ಕೈಯಲ್ಲಿದ್ದ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟ.

"ಗೊತ್ತಿಲ್ಲದೋನ ಥರ ಇರ್ಬೇಕು ಅಂತ ನೀನು ದೂರ ನಿಂತೆ. ಅದರ ಬದಲು ಹೋಗಿ ಸುಮ್ಮನೆ ಒಂದು ಸಲ ಬಾಗಿದ್ದಿದ್ರೆ ನನಗೆ ಏನೂ ತಿಳೀತಾ ಇರಲಿಲ್ಲ. ಆದ್ರೆ ಹಿರಿಯರಿಗೆ ಎರಡೆರಡು ಸಲ ನಾಟಕದ ನಮಸ್ಕಾರ ಹಾಕೋಕೆ ನಿನಗೆ ಬರಲ್ಲ. ಹಾಗೆ ಬೆಳೆಸಿದ್ದೂ ನಾವೇ. ನಿನ್ನೆ ಬೆಳಿಗ್ಗೆ ಎಲ್ಲಿ ಸಿಕ್ಕಿದ ಅವನು?"

ಮಿಂಗು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಬಿಸಿ ಕೋಣೆಯ ಬಾಗಿಲ ಕಡೆ ಗಲ್ಲ ಎತ್ತಿದ.

"ಇಲ್ಲೇ."

ಅಲ್ಲಿಯವರೆಗೂ ನನ್ನ ಮನಸ್ಸಿನ ಮೂಲೆಯಲ್ಲಿ, 'ಇವನಲ್ಲ ಅಂತಾಗಲಿ ದೇವರೇ' ಎಂಬ ಆಸೆ ಇತ್ತು. ಅದು ಸತ್ತಿತು. ಉಂಡ ಮನೆಗೆ ದ್ರೋಹ ಬಗೆದವನು ಎದುರಿಗೆ ಕೂತಿದ್ದ, ನನ್ನ ಕೈಯ ಅನ್ನ ತಿಂದೇ ಅಷ್ಟು ಅಗಲವಾದ ಭುಜ ಹೊತ್ತುಕೊಂಡು. ಕಪಾಳಕ್ಕೆ ಬಾರಿಸಬೇಕೆನಿಸಿತು. ಅಳುವೂ ಬಂತು. ಎರಡನ್ನೂ ನುಂಗಿಕೊಂಡೆ.

"ಪೂರ್ತಿ ಹೇಳು."

"ಈ ವರ್ಷ ಮುಗಿದ್ರೆ ಕ್ವಾಂಗ್ಸು ಅಣ್ಣನ್ನ ಕೈಬಿಡ್ತಾರೆ. ತಂಡದಲ್ಲಿ ಎಲ್ಲರಿಗೂ ಗೊತ್ತು. ಒಂದು ಹೋಮ್ ರನ್ ಆದ್ರೂ ಹೊಡೆದು ಹೋಗ್ತೀನಿ, ಒಂದೇ ಒಂದು ನೇರ ಚೆಂಡು ಕೊಡಿಸೋ ಅಂದ್ರು. ಬೆನ್ನು ಉಜ್ಜಿಸಿಕೊಳ್ತಾ ಕೇಳಿದ್ರು. ಹಿರಿಯರು ಚಿಕ್ಕಮ್ಮಾ. ಹೇಗೆ ಇಲ್ಲ ಅನ್ನಲಿ?"

"ಅದಕ್ಕೆ ಜೇಹಾನ ಬಲಿ ಕೊಟ್ಟೆ."

"ಹೂಂ," ಎಂದ. "ನಾನೇ. ಒಂಬತ್ತನೇ ಇನ್ನಿಂಗ್ಸಲ್ಲಿ ಮೊದಲನೇ ಚೆಂಡು ನೇರ ಬರುತ್ತೆ ಅಂತ ನಾನೇ ಹೇಳಿದ್ದು. ಸಂಜೆ ಸಮಿತಿ ಮುಂದೆ ಬಂದು ಹೇಳ್ತೀನಿ. ಜೇಹಾಗೆ ಏನೂ ಗೊತ್ತಿಲ್ಲ."

ಗೆದ್ದೆ ಅನ್ನಬೇಕು. ಸಮಿತಿಯ ಮುಂದೆ ಇವನನ್ನು ನಿಲ್ಲಿಸಿದರೆ ನಮ್ಮ ಹುಡುಗ ಪಾರು. ಆದರೂ ಎಲ್ಲೋ ಒಂದು ಕಡೆ ಕಲ್ಲು ಕಚ್ಚಿದ ಹಾಗಾಯಿತು. ಎಷ್ಟು ಬೇಗ ಒಪ್ಪಿಕೊಂಡ! ಕಳ್ಳರು ಸುಲಭಕ್ಕೆ ಒಪ್ಪುವುದಿಲ್ಲ. ಒಪ್ಪಿದರೂ ಅರ್ಧ ಒಪ್ಪಿ ಇನ್ನರ್ಧಕ್ಕೆ ಕಾರಣ ಹೇಳುತ್ತಾರೆ. ಇವನು ಬಡಿಸಿದ್ದನ್ನೆಲ್ಲ ಎಲೆಯಲ್ಲಿ ಬಿಡದೆ ತಿಂದ.

ಸೋಲು ನೋಡಲಾಗದೆ ರಾತ್ರಿ ಹಾರಿಸಿಬಿಟ್ಟಿದ್ದ ಒಂಬತ್ತನೆಯ ಇನ್ನಿಂಗ್ಸನ್ನು ನಾನು ಈಗ ಫೋನಿನಲ್ಲಿ ತೆಗೆದೆ. ಕ್ವಾಂಗ್ಸು ಬ್ಯಾಟು ಹಿಡಿದು ನಿಂತ. ಹಿಂದೆ ಮಿಂಗು ಕುಕ್ಕರುಗಾಲಲ್ಲಿ ಕೂತು ಎರಡು ಬೆರಳು ತೋರಿಸಿದ. ಎರಡು ಬೆರಳೆಂದರೆ ತಿರುವು ಎಸೆತ ಎಂದು ಅವರಿಬ್ಬರ ಬಟ್ಟೆ ಒಗೆದ ನನಗೂ ಗೊತ್ತು. ಗ್ಲೌಸನ್ನು ಹೊರಗಡೆ, ನೆಲಕ್ಕೆ ಹತ್ತಿರ ಹಿಡಿದಿದ್ದ. ಚೆಂಡು ನೇರವಾಗಿ ನಡುವೆ ಬಂದಾಗ ಅವನ ಗ್ಲೌಸು ಗಾಬರಿಯಿಂದ ಮೇಲಕ್ಕೆ ಹಾರಿತು.

"ನೀನು ಕೇಳಿದ್ದು ತಿರುವು," ಎಂದೆ ನಿಧಾನವಾಗಿ. "ಮಾರಿಕೊಂಡವನು ಮಾರಿದ ಚೆಂಡನ್ನೇ ಕೇಳ್ತಾನೆ ತಾನೆ?"

"ಎಲ್ಲರ ಕಣ್ಣಿಗೆ ಮಣ್ಣೆರಚೋಕೆ..."

"ಬಾಯ್ಮುಚ್ಚು! ನೀನು ಬೆರಳು ತೋರಿಸಿದ ಮೇಲೆ ಜೇಹಾ ತಲೆ ಆಡಿಸ್ದ. ಬೇಡ ಅಂತ. ನೀನು ಮತ್ತೆ ಅದೇ ಎರಡು ಬೆರಳು ತೋರಿಸ್ದೆ. ಅವನು ಮತ್ತೆ ಬೇಡ ಅಂದ."

ಮಿಂಗುವಿನ ಕಣ್ಣು ತುಂಬಿಕೊಂಡಿತು. "ಅಲ್ಲಿಗೇ ಬಿಟ್ಟುಬಿಡಿ ಚಿಕ್ಕಮ್ಮಾ. ಕೈ ಮುಗೀತೀನಿ. ನನ್ನ ಮಂಡಿ ಸವೆದಿದೆ, ಹೆಚ್ಚೆಂದ್ರೆ ಇನ್ನೆರಡು ವರ್ಷ ಆಡ್ತೀನಿ. ಅವನಿಗೆ ಇಡೀ ಬದುಕಿದೆ."

ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಮೊದಲನೆಯ ಇನ್ನಿಂಗ್ಸಿಗೆ ವಾಪಸ್ಸು ಹೋದೆ.

ರಾತ್ರಿಯಿಡೀ ನೋಡಿದ ಚಿತ್ರವೇ. ಕ್ಯಾಮೆರಾ ಪಿಚರ್‌ನ ಬೆನ್ನ ಹಿಂದೆ ಇರುತ್ತದೆ. ಹತ್ತಿರದಲ್ಲಿ ಜೇಹಾ, ದೂರದಲ್ಲಿ ಬ್ಯಾಟ್ಸ್‌ಮನ್, ಅವನ ಕಾಲ ಬಳಿ ಮಿಂಗು. ಮೂವರೂ ಒಂದೇ ಚೌಕಟ್ಟಿನಲ್ಲಿ. ನಾನು ಮಾತ್ರ ಮಿಂಗುವಿನ ಕೈಯನ್ನೇ ನೋಡುತ್ತಿದ್ದೆ. ಚೆಂಡೆಸೆಯಲು ಮಣ್ಣಿನ ದಿಬ್ಬದ ಮೇಲೆ ನಿಂತವನನ್ನು ಯಾಕೆ ನೋಡಬೇಕು? ಅವನು ನಮ್ಮ ಹುಡುಗ.

ವೊಂಜುವಿನ ಮೊದಲ ಹಿರಿಯ ಬಂದಾಗ ಜೇಹಾ ಟೊಪ್ಪಿಯ ಅಂಚು ಮುಟ್ಟಿ ತಲೆ ಬಾಗಿಸಿದ. ಮೂರನೆಯವನಿಗೂ ಹಾಗೆಯೇ. ನಾಲ್ಕನೆಯವನಾಗಿ ಕ್ವಾಂಗ್ಸು ಬಂದ. ಜೇಹಾಗೂ ಅದೇ ಶಾಲೆಯ ಹಿರಿಯ. ಜೇಹಾ ಸೊಂಟಕ್ಕೆ ಕೈಯಿಟ್ಟು ನಿಂತೇ ಇದ್ದ.

ಟೊಪ್ಪಿ ಮುಟ್ಟಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಾನು ಹೆತ್ತವಳೂ ಅಲ್ಲ.

"ಬೆಳಿಗ್ಗೆ ಇಲ್ಲಿ ಎಷ್ಟು ಜನ ಇದ್ರಿ ಮಿಂಗು?"

"ಚಿಕ್ಕಮ್ಮಾ..."

"ಎಷ್ಟು ಜನ?"

"ಮೂವರು."

ಇನ್ನು ಅವನನ್ನು ಕೆದಕುವ ಅಗತ್ಯವೇ ಇರಲಿಲ್ಲ. ಕಟ್ಟೆ ಒಡೆದಂತೆ ಹೇಳಿದ.

"ನನ್ನನ್ನ, ಜೇಹಾನ ಇಬ್ಬರನ್ನೂ ಕರೆಸಿದ್ರು. ನಾನು ಆಗಲ್ಲ ಅಣ್ಣಾ, ಕ್ಷಮಿಸಿ ಅಂದೆ. ಬೈದ್ರು, ಬೈಸಿಕೊಂಡೆ. ಜೇಹಾ ಕೂಡ ಆಗಲ್ಲ ಅಂದ. ಆಗ ಕ್ವಾಂಗ್ಸು ಅಣ್ಣ ಅವನ ಕಿವಿ ಹತ್ತಿರ ಬಾಗಿ, 'ಆ ವಿಷಯ ನಾನು ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ, ನೆನಪಿರಲಿ' ಅಂದ್ರು. ಯಾವ ವಿಷಯಾನೋ ನನಗೆ ಗೊತ್ತಿಲ್ಲ. ಜೇಹಾ ಬಿಳಿಚಿಕೊಂಡ. ಆಮೇಲೆ ಮಾತೇ ಆಡಲಿಲ್ಲ."

"ನೀನು ಯಾರಿಗೂ ಹೇಳಲಿಲ್ಲ."

"ಹೇಳಿದೆ." ಅವನು ಮುಖ ಮುಚ್ಚಿಕೊಂಡ. "ಕ್ಲಬ್ಬಿಗೆ ಫೋನ್ ಮಾಡಿದ್ದು ನಾನೇ. ಅವನನ್ನ ಕೂರಿಸಿಬಿಡ್ಲಿ, ಎಲ್ಲಾ ಸರಿಹೋಗುತ್ತೆ ಅಂದ್ಕೊಂಡೆ. ಅವರು ಕೇಳಲಿಲ್ಲ. ಈಗ ಅದೇ ಫೋನ್ ಅವನ ಕೊರಳಿಗೆ ಉರುಳಾಗಿದೆ. ದ್ರೋಹಿ ನಾನೇ ಅಲ್ವಾ ಚಿಕ್ಕಮ್ಮಾ? ಅವನ ಹೆಸರು ಬಿಟ್ಟುಕೊಟ್ಟೋನು ನಾನು."

ದ್ರೋಹಿ ಎಂದು ನಾನು ಬೈಯಲು ಬಂದದ್ದು ಇವನನ್ನೇ. ಬೆಳಿಗ್ಗೆ ಅನ್ನ ಮುಟ್ಟದೆ ಕೂತು, 'ಹೇಳೋಕೂ ನಾಲಿಗೆ ಬರ್ತಿಲ್ಲ' ಎಂದವನ ಮಾತು ಕಟ್ಟಿಕೊಂಡು ಬಂದಿದ್ದೆ. ನಾಲಿಗೆ ಎಷ್ಟು ಚೆನ್ನಾಗಿ ಹೊರಳಿತ್ತು ಅವನದು! ಕೊಲೆಗಾರರ ಸುಳ್ಳನ್ನು ಹಿಡಿದವಳಿಗೆ ತನ್ನ ಅಡುಗೆಮನೆಯ ಸುಳ್ಳು ಕಾಣಲಿಲ್ಲ.

ಫೋನ್ ನನ್ನ ಕೈಯಲ್ಲೇ ಗುಯ್‌ಗುಟ್ಟಿತು. ಜೇಹಾ.

"ಚಿಕ್ಕಮ್ಮಾ, ಮಿಂಗು ಸಿಕ್ಕಿದನಾ? ಒಪ್ಪಿಕೊಂಡನಾ?"

ಆ ದನಿಯಲ್ಲಿ ಸಂಕಟವಿರಲಿಲ್ಲ. ಆತುರವಿತ್ತು.

"ನೀನು ಎಲ್ಲಿದ್ದೀಯಾ?"

"ಕ್ಲಬ್ಬಲ್ಲೇ. ಸಂಜೆತನಕ ಕಾಯೋದು ಬೇಡ ಅಂತ ನಿರ್ದೇಶಕರಿಗೆ ಹೇಳಿಬಿಟ್ಟೆ. ಸೂಚನೆ ಸೋರಿಸಿದ್ದು ಮಿಂಗು, ಚಿಕ್ಕಮ್ಮನ ಹತ್ರ ಸಾಕ್ಷಿ ಇದೆ ಅಂತ. ನೀವು ಒಂದು ಮಾತು ಹೇಳಿದ್ರೆ ಸಾಕು. ನಿಮ್ಮ ಮಾತು ಅಂದ್ರೆ ಅವರಿಗೆ ನಂಬಿಕೆ."

ಎದುರಿಗಿದ್ದ ಮಿಂಗುವಿಗೆ ಎಲ್ಲ ಕೇಳಿಸುತ್ತಿತ್ತು. ಅವನು ನನ್ನ ಕಡೆ ನೋಡಿ ಹೂಂ ಎಂಬಂತೆ ತಲೆ ಆಡಿಸಿದ. 'ಹೇಳಿಬಿಡಿ' ಎಂದು ತುಟಿ ಅಲುಗಿಸಿದ.

"ಜೇಹಾ, ನಿನ್ನೆ ಬೆಳಿಗ್ಗೆ ಎಲ್ಲಿಗೆ ಹೋಗಿದ್ದೆ?"



"ಅಮ್ಮನ ಸಮಾಧಿಗೆ," ಎಂದ. "ಆಟದ ದಿನ ಹೋಗ್ತೀನಲ್ಲ ಚಿಕ್ಕಮ್ಮಾ. ಹುಲ್ಲು ಕಿತ್ತು, ಅಮ್ಮನಿಗೆ ಕೈ ಮುಗಿದು ಬಂದೆ. ಯಾಕೆ ಕೇಳ್ತೀರಾ?"

ಸತ್ತ ನನ್ನ ಅಕ್ಕನನ್ನು ತಂದು ಸುಳ್ಳು ಸಾಕ್ಷಿಗೆ ನಿಲ್ಲಿಸಿದ. ಮಿಂಗು ಆ ಕಡೆ ಮುಖ ತಿರುಗಿಸಿದ. ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ.

"ಚಿಕ್ಕಮ್ಮಾ? ಇದ್ದೀರಾ?" ಅವನ ದನಿ ಬದಲಾಯಿತು. "ಮಿಂಗು ಏನಾದ್ರೂ ಹೇಳಿದನಾ?"

"ಫೋನನ್ನ ನಿರ್ದೇಶಕರಿಗೆ ಕೊಡು."

ಏನೋ ಸರಿದಾಡಿದ ಸದ್ದು, ಯಾರದೋ ಹೆಜ್ಜೆ. ಆಮೇಲೆ ತಾಕ್ ಅವರ ಗಡಸು ಗಂಟಲು.

"ಹೇಳಿ ಮೇಡಂ. ಬಾಂಗ್ ಮಿಂಗು ಹೆಸರು ಬರೆದಿಟ್ಟಿದ್ದೀನಿ. ನೀವು ಹೂಂ ಅನ್ನೋದಕ್ಕೆ ಕಾಯ್ತಾ ಇದ್ದೆ. ಇವತ್ತೇ ಅವನನ್ನ ಆಚೆ ಹಾಕ್ತೀವಿ."

"ಹೂಂ ಅನ್ನಿ," ಮಿಂಗು ನನ್ನ ತೋಳು ಹಿಡಿದುಕೊಂಡ. "ಚಿಕ್ಕಮ್ಮಾ, ಅವನು ನಿಮ್ಮ ಮಗ."

ನಾನು ಅವನ ಕೈ ಬಿಡಿಸಿದೆ.

"ಹೊಡೆದು ಹಾಕಿ ಆ ಹೆಸರನ್ನ," ಎಂದೆ. "ಅದರ ಬದಲು ಬರೀಬೇಕಾದ ಹೆಸರು ನಾನೇ ಬಂದು ಹೇಳ್ತೀನಿ. ನಾನು ಬರೋತನಕ ಜೇಹಾನ ನಿಮ್ಮ ಕೋಣೆ ಬಿಟ್ಟು ಕದಲೋಕೆ ಬಿಡಬೇಡಿ."

"ಜೇಹಾನಾ?" ತಾಕ್ ತಬ್ಬಿಬ್ಬಾದರು. "ಅವನು ಫೋನನ್ನ ನನ್ನ ಕೈಗೆ ಕೊಟ್ಟು ಈಗ ತಾನೆ ಮೆಟ್ಟಿಲಿಳಿದು ಹೋದನಲ್ಲ. ಫೋನೂ ಇಲ್ಲೇ ಬಿಟ್ಟ. ಇರಿ, ಕಿಟಕಿಯಿಂದ ನೋಡ್ತೀನಿ... ಅಯ್ಯೋ, ಕೆಳಗೆ ಯಾವುದೋ ಕಾರು ಹತ್ತುತಾ ಇದ್ದಾನೆ ಮೇಡಂ."

"ಕಾರಲ್ಲಿ ಯಾರಿದ್ದಾರೆ?"

"ನಿನ್ನೆ ತಂಡದ ಬಸ್ಸು ಹತ್ತಿ ಹೋದ ಅಂದ್ಕೊಂಡಿದ್ದೆ... ಕ್ವಾಂಗ್ಸು."